ಬ್ರಿಮ್‌ನ ಕಣಜ, ನಮ್ಮೂರಿನ ಕಲ್ಲು

"ನಿಮ್ಮೂರಲ್ಲಿ ಇಂಥದ್ದು ಏನಿದೆ?" ಅಂತ ಬ್ರಿಮ್‌ನ ಅಜ್ಜಿಯೊಬ್ಬರು ಕಣಜದ ಮೇಲಿನ ಚಿತ್ರ ತೋರಿಸಿ ಕೇಳಿದರು. ನಾನು ಯೋಚನೆ ಕೂಡ ಮಾಡದೆ "ಏನೂ ಇಲ್ಲ" ಅಂದುಬಿಟ್ಟೆ. ಮೆಲ್ಬರ್ನ್‌ಗೆ ವಾಪಸ್ ಬರುವ ನಾಲ್ಕು ಗಂಟೆಯ ದಾರಿಯುದ್ದಕ್ಕೂ ಆ ಉತ್ತರ ಚುಚ್ಚುತ್ತಲೇ ಇತ್ತು.

ನಾವು ಹೋಗಿದ್ದು ಬ್ರಿಮ್‌ಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾಯವ್ಯ ಭಾಗದಲ್ಲಿ, ಗೋಧಿ ಹೊಲಗಳ ನಡುವೆ, ಇನ್ನೂರು ಜನರೂ ಇಲ್ಲದ ಊರು. ರೈಲು ಹಳಿ ಪಕ್ಕ 1939ರಲ್ಲಿ ಕಟ್ಟಿದ ಕಾಂಕ್ರೀಟಿನ ಕಣಜಗಳಿವೆ. ಸೈಲೊ ಅಂತಾರೆ. ಕಾಳು ತುಂಬುವುದು ನಿಂತು ಅವು ಖಾಲಿ ಬಿದ್ದಿದ್ದವು. ಬ್ರಿಸ್ಬೇನ್‌ನ ಕಲಾವಿದ ಗೈಡೊ ವ್ಯಾನ್ ಹೆಲ್ಟನ್ ಅವುಗಳ ಮೇಲೆ ನಾಲ್ವರು ರೈತರನ್ನು ಬರೆದಿದ್ದಾರೆ. 2016ರ ಜನವರಿಯಲ್ಲಿ ಕೆಲಸ ಮುಗಿದಾಗ ಆ ಕಡೆ ಬರಗಾಲ.

ಸುಮಾರು 30 ಮೀಟರ್ ಎತ್ತರದ ಚಿತ್ರ. ದೂರದಿಂದ ನೋಡಿದರೆ ಮುಖಗಳು, ಬಿಸಿಲಿಗೆ ಬೆಂದ ದಣಿದ ಮುಖಗಳು. ಹತ್ತಿರ ಹೋದರೆ ಮುಖವೇ ಮಾಯ. ಬಣ್ಣದ ಮಸುಕು, ಅದರಡಿ ಕಾಂಕ್ರೀಟಿನ ಹಳೇ ಕಲೆ, ಅಷ್ಟೇ. ಹೆಸರು ಬರೆದಿಲ್ಲ. ರಾಜರಲ್ಲ, ಮಂತ್ರಿಗಳಲ್ಲ. ಸುಮ್ನೆ ಬೇಸಾಯ ಮಾಡಿಕೊಂಡಿರುವ ಜನ.

ನಮ್ಮ ಕಡೆ ಉಳುವವನ ಮುಖ ಇಷ್ಟು ದೊಡ್ಡದಾಗಿ ಕಂಡಿದ್ದೀರಾ? ಸರ್ಕಲ್ಲಿನಲ್ಲಿ ಪ್ರತಿಮೆ ಇರುತ್ತೆ, ಸುತ್ತ ಕಬ್ಬಿಣದ ಗ್ರಿಲ್ ಇರುತ್ತೆ. ಪಕ್ಕದಲ್ಲಿ ಫ್ಲೆಕ್ಸ್. ನಮ್ಮ ದೊಡ್ಡಪ್ಪ ಐವತ್ತು ವರ್ಷ ರಾಗಿ ಬೆಳೆದರು. ಅವರ ಮುಖ ರಸ್ತೆಗೆ ಬಂದದ್ದು ಒಂದೇ ಸಲ, ತೀರಿಕೊಂಡಾಗ. ಆಧಾರ್ ಕಾರ್ಡಿನ ಫೋಟೋ ಹಿಗ್ಗಿಸಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ಹಾಕಿಸಿದ್ದರು. ತಿಥಿ ಮುಗಿದ ಮೇಲೆ ಆ ಫ್ಲೆಕ್ಸ್ ಹುಲ್ಲಿನ ಮೆದೆಗೆ ಹೊದಿಕೆಯಾಯಿತು. ಬದುಕಿದ್ದಾಗ ಯಾರಿಗೂ ಅವರ ಮುಖ ದೊಡ್ಡದು ಮಾಡಬೇಕು ಅನ್ನಿಸಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಆದರೆ ಅಜ್ಜಿಗೆ ನಾನು ಹೇಳಿದ್ದು ತಪ್ಪು. ನಮ್ಮೂರಿನ ಮಾರಮ್ಮನ ಗುಡಿ ಹಿಂದೆ ಒಂದು ವೀರಗಲ್ಲಿದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದವನು, ದನಗಳು. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಸೂರ್ಯ, ಚಂದ್ರ. ಊರಿನ ದನ ಉಳಿಸಲು ಹೋಗಿ ಸತ್ತವನು ಇರಬೇಕು. ಅವನೇನು ರಾಜನಲ್ಲವಲ್ಲ! ನಾವು ಒಂದು ಕಾಲಕ್ಕೆ ನಾಯಿಗೂ ಕಲ್ಲು ನಿಲ್ಲಿಸಿದವರು. ಮಂಡ್ಯ ಕಡೆಯ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಕಲ್ಲು ಹತ್ತನೇ ಶತಮಾನದ್ದು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನಮ್ಮೂರಿನ ಕಲ್ಲಿನ ಮೇಲೆ ಮಾತ್ರ ನಾವು ಕುಡುಗೋಲು ಮಸೆಯುತ್ತಿದ್ದೆವು. ಅಂಚು ಸವೆದು ಹೋಗಿದೆ. ಬ್ರಿಮ್‌ನವರು ಖಾಲಿ ಕಣಜವನ್ನು ಕಾಪಾಡಿಕೊಂಡರು. ನಾವು ಕೆತ್ತಿದ ಕಲ್ಲನ್ನೇ ಕಾಪಾಡಲಿಲ್ಲ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತೆ.

ಬ್ರಿಮ್ ನೋಡಿ ಸುತ್ತಲಿನ ಊರುಗಳೂ ಹಿಂದೆ ಬೀಳಲಿಲ್ಲ. ಶೀಪ್ ಹಿಲ್ಸ್‌ನ ಕಣಜಗಳ ಮೇಲೆ ಅದೇ ವರ್ಷ ಅಡ್ನೇಟ್ ಎಂಬ ಕಲಾವಿದ ಆ ನೆಲದ ಮೂಲನಿವಾಸಿಗಳ ಇಬ್ಬರು ಹಿರಿಯರನ್ನು, ಇಬ್ಬರು ಮಕ್ಕಳನ್ನು ಬರೆದರು. ಈಗ ಇಂಥ ಕಣಜಗಳೆಲ್ಲ ಸೇರಿ 200 ಕಿಲೋಮೀಟರಿಗೂ ಹೆಚ್ಚು ದಾರಿಯ ಚಿತ್ರಸಾಲು. ಜನ ಕಾರು ಹತ್ತಿ ನೋಡಲು ಬರುತ್ತಾರೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ನಾವಿದ್ದ ಹೊತ್ತಿನಲ್ಲಿ ಬಂದವರೆಲ್ಲ ಇಳಿದು, ಫೋಟೋ ತೆಗೆದು, ಹೊರಟುಹೋದರು. ನಾವೂ ಅಷ್ಟೇ. ಅಜ್ಜಿಯ ಮಕ್ಕಳು ಇರುವುದು ಮೆಲ್ಬರ್ನ್‌ನಲ್ಲಿ, ವಾಪಸ್ ಬರುವುದಿಲ್ಲವಂತೆ. ಚಿತ್ರದ ರೈತರನ್ನು ಮುಟ್ಟಿ ಮಾತಾಡಿಸುವವರು ಅಲ್ಲಿ ಯಾರೂ ಕಾಣಲಿಲ್ಲ.

ಮನೆಗೆ ಬಂದ ರಾತ್ರಿ ಅತ್ತೆ ಮಗನಿಗೆ ಫೋನ್ ಮಾಡಿ ಕಲ್ಲಿನ ಫೋಟೋ ಕಳಿಸು ಅಂದೆ. ಕಳಿಸಿದ. ಮುಖದ ತುಂಬ ಅರಿಶಿನ, ಕುಂಕುಮ, ಎಣ್ಣೆಯ ಜಿಡ್ಡು. ಕೆತ್ತನೆ ಕಾಣುತ್ತಲೇ ಇಲ್ಲ. "ಒಂಚೂರು ತೊಳೆದು ತೆಗಿಯೋ" ಅಂದೆ.

"ಬೆಳಿಗ್ಗೆ ಅಮ್ಮ ಪೂಜೆ ಮಾಡವ್ಳೆ ಕಣಣ್ಣ. ಈಗ ತೊಳೆದ್ರೆ ಬೈತಾಳೆ."