ಕಪ್ಪು ರಿಬ್ಬನ್ ಹುಡುಗಿ

ಮೊನ್ನೆ ಮಗಳ ಜೊತೆ ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗಿದ್ದೆ. ಒಂಬತ್ತನೇ ಕ್ಲಾಸು, ಖೋ ಖೋ ಆಡುತ್ತಾಳೆ. ಸೆಮಿಫೈನಲ್‌ನಲ್ಲಿ ಸೋತರು. ಬಂದವಳೇ ಬ್ಯಾಗಿನ ಮೇಲೆ ಮುಖ ಇಟ್ಟು, "ಅಮ್ಮಾ, ಅವಳನ್ನ ಕಂಡ್ರೆ ನಂಗಾಗಲ್ಲ" ಅಂದಳು. ಅವಳು ಅಂದರೆ ಎದುರು ಟೀಮಿನ ಹುಡುಗಿ. ಓಡುವ ಮೂವರ ಕೊನೆಯ ಬ್ಯಾಚಿನಲ್ಲಿ ಬಂದು ಟೈಮ್ ಮುಗಿಯುವವರೆಗೂ ಯಾರ ಕೈಗೂ ಸಿಗದೆ ಓಡಿದವಳು.

ಆ ಮಾತು ನಾನೂ ಆಡಿದ್ದೆ. 1998ರಲ್ಲಿ.

ನಮ್ಮದು ಮೈಸೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲು. ಶೂ ಇಲ್ಲ, ಜೆರ್ಸಿ ಇಲ್ಲ. ಚೂಡಿದಾರದ ವೇಲನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಬಿಗಿದು ಬರಿಗಾಲಲ್ಲಿ ಆಡುತ್ತಿದ್ದೆವು. ಎಂಟನೇ ಕ್ಲಾಸಿನಲ್ಲೇ ನಾನು ಟೀಮಿನ ಒಳ್ಳೆಯ ಚೇಸರ್. ತಾಲೂಕಿಗೆ ಹೋದಾಗ ಪೇಟೆಯ ಶಾಲೆಯ ಟೀಮು ಎದುರಾಯಿತು. ಅವರಲ್ಲಿ ಒಬ್ಬಳು ಸಣ್ಣಗೆ, ಉದ್ದಕ್ಕೆ ಇದ್ದಳು. ಎರಡು ಜಡೆ ಮೇಲಕ್ಕೆ ಮಡಚಿ ಕಪ್ಪು ರಿಬ್ಬನ್ ಕಟ್ಟಿದ್ದಳು. ಹೆಸರು ಗೊತ್ತಿರಲಿಲ್ಲ. ಅವತ್ತಿನಿಂದ ಮೂರು ವರ್ಷ ನಮ್ಮ ಶಾಲೆಯಲ್ಲಿ ಅವಳು ಬರೀ "ಕಪ್ಪು ರಿಬ್ಬನ್".

ಖೋ ಖೋ ಆಡದವರಿಗೆ ಒಂದು ವಿಷಯ ಹೇಳಬೇಕು. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗಬೇಕು. ಒಂದು ಸಲ ಒಂದು ದಿಕ್ಕು ಹಿಡಿದಳೆಂದರೆ ಸಾಲಿನ ತುದಿಯ ಕಂಬದವರೆಗೂ ತಿರುಗುವ ಹಾಗಿಲ್ಲ. ಕೂತವರ ನಡುವೆ ನುಸುಳಿ ಆ ಕಡೆಗೂ ಹೋಗುವ ಹಾಗಿಲ್ಲ. ಓಡುವವಳಿಗೆ ಎರಡೂ ಇದೆ. ಹಾಗಾಗಿ ಬುದ್ಧಿವಂತ ರನ್ನರ್ ಚೇಸರ್‌ನ ಕಣ್ಣು ನೋಡುವುದಿಲ್ಲ, ಹೆಗಲು ನೋಡುತ್ತಾಳೆ. ಹೆಗಲು ಯಾವ ಕಡೆ ತಿರುಗಿತೋ ಅದರ ಉಲ್ಟಾ ಜಾಗದಲ್ಲಿ ಅವಳಿರುತ್ತಾಳೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಪ್ಪು ರಿಬ್ಬನ್ ಹಿಂದೆ ಓಡಿ ಓಡಿ, ಬೆರಳ ತುದಿಯಲ್ಲಿ ಅವಳು ತಪ್ಪಿಸಿಕೊಂಡು ಹೋದ ಹಾಗೆಲ್ಲ ಕಲಿತೆ.

ಆ ವರ್ಷ ಸೋತೆವು. ಟ್ರಾಕ್ಸ್‌ನಲ್ಲಿ ಊರಿಗೆ ಬರುವಾಗ ಒಬ್ಬರೂ ಮಾತಾಡಲಿಲ್ಲ. ಮರುದಿನದಿಂದ ನಾನು ಸ್ಕೂಲು ಬಿಟ್ಟ ಮೇಲೆ ಹುಣಸೆಮರದ ಹತ್ತಿರ ಪ್ರಾಕ್ಟೀಸಿಗೆ ನಿಂತೆ. ಮರವೇ ಕಂಬ. ಒಂದು ಕೈಯಲ್ಲಿ ಅದನ್ನು ಹಿಡಿದು, ಇಡೀ ಮೈಯನ್ನು ಗಾಳಿಗೆ ಚಾಚಿ ಇನ್ನೊಂದು ಕೈಯಿಂದ ಮುಟ್ಟುವುದು. ಪೋಲ್ ಡೈವ್. ಎಷ್ಟು ದಿನ ಅಂಗೈ ಕಿತ್ತುಹೋಗಿತ್ತು ಅಂತ ಲೆಕ್ಕ ಇಲ್ಲ. ನನ್ನ ಕಣ್ಣಮುಂದೆ ಅವಳೊಬ್ಬಳೇ ಇದ್ದಳು. ನಮ್ಮ ಮೇಷ್ಟ್ರು ಎಷ್ಟು ಬೈದರೂ ಅಷ್ಟು ಪ್ರಾಕ್ಟೀಸ್ ಮಾಡುತ್ತಿರಲಿಲ್ಲ, ಅದಂತೂ ನಿಜ.

ಒಂಬತ್ತನೇ ಕ್ಲಾಸಿನಲ್ಲಿ ಅದೇ ಮೈದಾನ. ಹಿಂದಿನ ದಿನ ಮಳೆ ಬಂದಿತ್ತು. ಸುಣ್ಣದ ಪುಡಿಯ ಗೆರೆ ಅಲ್ಲಲ್ಲಿ ಕಲಸಿಹೋಗಿತ್ತು. ಕಂಬದ ಹತ್ತಿರ ಅವಳು ತಿರುಗುವುದಕ್ಕೂ ನಾನು ಹಾರುವುದಕ್ಕೂ ಸರಿಹೋಯಿತು. ಮುಟ್ಟಿದೆ. ಔಟ್! ಅವಳು ಜಾರಿ ಬಿದ್ದು ಮೊಣಕಾಲು ತರಚಿತು. ಎದ್ದಳು, ಮಣ್ಣು ಕೊಡವಿದಳು. ನನ್ನನ್ನೇ ನೋಡಿ, "ನೀನು ಯಾವಾಗ್ಲೂ ಎಡಗಾಲು ಊರಿಯೇ ಹಾರೋದು ಅಲ್ವಾ?" ಅಂದಳು.

ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಯಾವ ಕಾಲು ಊರುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ನಮ್ಮ ಟೀಮಿನವರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ನನ್ನನ್ನು ಅಷ್ಟು ಗಮನ ಇಟ್ಟು ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಉತ್ತರ ಕೊಡಬೇಕು ಅನ್ನಿಸಿತು. ಅಷ್ಟರಲ್ಲಿ ಅವರ ಕಡೆಯ ದೊಡ್ಡವರೊಬ್ಬರು "ಅವರ ಜೊತೆ ಏನು ಮಾತು, ಬಾ ಈ ಕಡೆ" ಅಂತ ಕೂಗಿದರು. ನಮ್ಮ ಕಡೆಯವರೂ ಹಾಗೇ ಹೇಳುತ್ತಿದ್ದರು. ಊಟಕ್ಕೂ ಬೇರೆ ಬೇರೆ ಮರದ ಕೆಳಗೆ ಕೂತೆವು. ಅವರು ಪುಳಿಯೋಗರೆ ತಿನ್ನುತ್ತಿದ್ದರು, ನಾವು ಚಿತ್ರಾನ್ನ. ನಡುವೆ ಮೂವತ್ತು ಹೆಜ್ಜೆ ಇದ್ದಿರಬಹುದು.

ಆ ಮೂವತ್ತು ಹೆಜ್ಜೆ ದಾಟುವುದಕ್ಕೆ ನಮಗೆ ಇನ್ನೂ ಎರಡು ವರ್ಷ ಬೇಕಾಯಿತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಗೆಲ್ಲ ಇದ್ದಿದ್ದು ಪೇಟೆಯ ಪಿಯು ಕಾಲೇಜು. ಮೊದಲ ದಿನ ಪ್ರಾಕ್ಟೀಸಿಗೆ ಹೋದರೆ ಅವಳೂ ಬಂದಿದ್ದಾಳೆ. ಸರ್ ನಮ್ಮಿಬ್ಬರನ್ನೂ ನೋಡಿದವರೇ ಅವಳನ್ನು ಎರಡನೇ ಚೌಕದಲ್ಲಿ ಕೂರಿಸಿ, ನನ್ನನ್ನು ಕಂಬದ ಹತ್ತಿರ ನಿಲ್ಲಿಸಿದರು.

ನಾನು ಓಡುತ್ತಾ ಬಂದು ಅವಳ ಹಿಂದೆ ನಿಂತೆ. ಬೆವರಿಗೆ ಒದ್ದೆಯಾದ ಬೆನ್ನು, ಅದೇ ಎರಡು ಜಡೆ. ಮೂರು ವರ್ಷ ಈ ಬೆನ್ನನ್ನು ಒಂದು ಸಲ ಮುಟ್ಟಿದರೆ ಸಾಕು ಅಂತ ಓಡಿದ್ದೆ. ಮುಟ್ಟಿದರೆ ಅವಳು ಔಟ್. ಈಗ ಮುಟ್ಟಿದರೆ ಅವಳು ಏಳಬೇಕು, ನನ್ನ ಬದಲು ಓಡಬೇಕು. ಅಂಗೈ ಇಟ್ಟು "ಖೋ" ಅಂದೆ. ಬಾಣ ಬಿಟ್ಟ ಹಾಗೆ ಎದ್ದು ಹೋದಳು. ಖಾಲಿಯಾದ ಚೌಕದಲ್ಲಿ ನಾನು ಕೂತೆ. ನನಗೆ ಅಳು ಬಂತು. ಯಾಕೆ ಅಂತ ಆಗ ತಿಳಿಯಲಿಲ್ಲ.

ಆಮೇಲಿನ ಎರಡು ವರ್ಷದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವಳು ನನಗೆ ಓಡುವುದನ್ನು ಹೇಳಿಕೊಟ್ಟಳು, ನಾನು ಅವಳಿಗೆ ಪೋಲ್ ಡೈವ್ ಹೇಳಿಕೊಟ್ಟೆ. ಅವರ ಮನೆಯಲ್ಲಿ ಉಂಡೆ, ನಮ್ಮ ಮನೆಯಲ್ಲಿ ಅವಳು ಮಲಗಿದಳು. ನನ್ನ ಮದುವೆಯಲ್ಲಿ ಅಡುಗೆಯವರಿಗೆ ಎಲೆ ಎಣಿಸಿ ಕೊಟ್ಟವಳೂ ಅವಳೇ. ಇವತ್ತಿಗೂ ನನಗೆ ಏನಾದರೂ ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಕಾದರೆ ಮೊದಲ ಫೋನ್ ಹೋಗುವುದು ಅವಳಿಗೆ. ನಾನು ಯಾವ ಕಾಲು ಊರಿ ಹಾರುತ್ತೇನೆ ಅಂತ ಅವಳಿಗೆ ಗೊತ್ತು.

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್ ನಡೆದಾಗ ಇಬ್ಬರೂ ಅವರವರ ಮನೆಯ ಟಿವಿ ಮುಂದೆ, ಫೋನ್ ಕಿವಿಯಲ್ಲೇ. ಭಾರತದ ಹೆಂಗಸರ ಟೀಮು ನೇಪಾಳವನ್ನು 78-40ರಲ್ಲಿ ಸೋಲಿಸಿತು. ಆ ಟೀಮಿನಲ್ಲಿ ನಮ್ಮ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಕೊನೆಯ ಟರ್ನ್‌ನಲ್ಲಿ ಅವರ ಬ್ಯಾಚು ಪೂರ್ತಿ ಔಟಾಗದೆ 5 ನಿಮಿಷ 14 ಸೆಕೆಂಡು ಉಳಿಯಿತು. ಅಷ್ಟೂ ಹೊತ್ತು ಇವಳು ಫೋನಿನಲ್ಲಿ "ಹೆಗಲು ನೋಡು ಚೈತ್ರಾ, ಹೆಗಲು ನೋಡು" ಅಂತ ಕಿರುಚುತ್ತಿದ್ದಳು. ನಾನು ಈ ಕಡೆ ಬಿಕ್ಕುತ್ತಿದ್ದೆ.

ಮಕ್ಕಳಿಗೆ ಪೈಪೋಟಿ ಬೇಡ, ಪಾಪ, ಮನಸ್ಸಿಗೆ ನೋವಾಗುತ್ತೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಪೈಪೋಟಿ ಇಲ್ಲದಿದ್ದರೆ ನನಗೆ ಅವಳು ಸಿಗುತ್ತಲೇ ಇರಲಿಲ್ಲ. ಕೆಡುಕು ಇರುವುದು ನಾವು ದೊಡ್ಡವರು ನಡುವೆ ಎಳೆಯುವ ಗೆರೆಯಲ್ಲಿ. ಪರೀಕ್ಷೆ ವಿಷಯದಲ್ಲೂ ಅಷ್ಟೇ. 625ಕ್ಕೆ ಪಕ್ಕದ ಮನೆ ಹುಡುಗಿಗೆ ಎಷ್ಟು ಬಂತು ಅಂತ ಮಕ್ಕಳ ಮುಂದೆ ಹೇಳಿ ಹೇಳಿ ಚುಚ್ಚುತ್ತೇವೆ. ಆ ಹುಡುಗಿ ಹೇಗೆ ಓದುತ್ತಾಳೆ, ಬಾ ಇಬ್ಬರೂ ಕೂತು ಒಂದು ಲೆಕ್ಕ ಮಾಡಿ ಅಂತ ಎಷ್ಟು ಮನೆಯಲ್ಲಿ ಹೇಳುತ್ತೇವೆ? ನಂಬರ್ ಮಾತ್ರ ಗೊತ್ತಿದ್ದರೆ ಹೊಟ್ಟೆಕಿಚ್ಚು ಬರುತ್ತದೆ. ಹತ್ತಿರದಿಂದ ನೋಡಿದರೆ ಗೌರವ ಬರುತ್ತದೆ.

ದೈಹಿಕ ಶಿಕ್ಷಕರು ಯಾರಾದರೂ ಓದುತ್ತಿದ್ದರೆ ಒಂದು ಕೋರಿಕೆ. ಪಂದ್ಯ ಮುಗಿದ ಮೇಲೆ ಎರಡೂ ಟೀಮನ್ನು ಒಂದೇ ಮರದ ಕೆಳಗೆ ಊಟಕ್ಕೆ ಕೂರಿಸಿ. ಸಾಧ್ಯವಾದರೆ ಎರಡೂ ಟೀಮನ್ನು ಬೆರೆಸಿ ಇನ್ನೊಂದು ಇನ್ನಿಂಗ್ಸ್ ಆಡಿಸಿ. ಅಂಕಗಳ ಲೆಕ್ಕ ಬೇಡ. ಇಬ್ಬರೂ ಒಬ್ಬರಿಗೊಬ್ಬರು ಖೋ ಕೊಡಲಿ.

ಮೊನ್ನೆ ಮಗಳನ್ನು ಕೇಳಿದೆ, "ಅವಳ ಹೆಸರೇನು?"

"ಗೊತ್ತಿಲ್ಲ."

"ಹೋಗಿ ಕೇಳ್ಕೊಂಡು ಬಾ."

"ಅಮ್ಮಾ!" ಅಂತ ಮುಖ ಊದಿಸಿದಳು. ಸುಮ್ನೆ ಕೂತೆ. ಸ್ವಲ್ಪ ಹೊತ್ತು ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ ಇದ್ದಳು, ಆಮೇಲೆ ಎದ್ದು ಹೋದಳು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಹತ್ತು ನಿಮಿಷದ ಮೇಲೆ ತಲೆ ಎತ್ತಿ ನೋಡಿದರೆ ಖಾಲಿ ಮೈದಾನದ ಕಂಬದ ಹತ್ತಿರ ಇಬ್ಬರೇ ನಿಂತಿದ್ದರು. ಆ ಹುಡುಗಿ ಚಪ್ಪಲಿ ಬಿಟ್ಟು, ಕಾಲು ಎಲ್ಲಿ ಊರಬೇಕು ಅಂತ ತೋರಿಸುತ್ತಿದ್ದಳು.