‘ಟೇಕ್ ಡೈವರ್ಷನ್’ ಅಂದರೆ ಎಲ್ಲಿಗೆ?

ಕೆನಡಾದ ಟೊರೊಂಟೊದ ಗಾರ್ಡಿನರ್ ಎಕ್ಸ್‌ಪ್ರೆಸ್‌ವೇಯಲ್ಲಿ ಡಫರಿನ್ ಬೀದಿಯಿಂದ ಸ್ಟ್ರಾನ್ ಅವೆನ್ಯೂವರೆಗಿನ ತುಂಡು 2025ರ ಅಕ್ಟೋಬರ್ ಕೊನೆಯಲ್ಲಿ ಪೂರ್ತಿ ತೆರೆಯಿತು. ಗಡುವು ಇದ್ದದ್ದು 2027ರ ಏಪ್ರಿಲ್. ಒಂದೂವರೆ ವರ್ಷ ಮೊದಲು! ಒಂದೂವರೆ ವರ್ಷ ತಡವಾದರೆ ‘ಪರವಾಗಿಲ್ಲ ಕಣ್ರೀ, ಬೇಗ ಮುಗಿಸಿದ್ರು’ ಅನ್ನುವ ಊರಿನವರಿಗೆ ಇದು ಸುಲಭಕ್ಕೆ ಅರಗುವ ಸುದ್ದಿಯಲ್ಲ. ಅದರ ಬೆನ್ನಿಗೇ ಊರಿನ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಯಾವುದೋ ಫ್ಲೈಓವರ್ ಕಂಬದ ಬುಡ, ತುಕ್ಕು ಹಿಡಿದ ತಗಡು, ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಟೇಕ್ ಡೈವರ್ಷನ್’. ಬಾಣ ಮಳೆಗೆ ತೊಳೆದುಹೋಗಿದೆ. ಎಡಕ್ಕೋ ಬಲಕ್ಕೋ, ದೇವರೇ ಬಲ್ಲ.

ವೇಗದ ಮಾತು ಬಿಡಿ. ಅದಕ್ಕೆ ದುಡ್ಡು ಸುರಿದರು, ಆ ಲೆಕ್ಕ ಆಮೇಲೆ ನೋಡೋಣ. ಕಣ್ಣಿಗೆ ಚುಚ್ಚುವ ವ್ಯತ್ಯಾಸ ಬೇರೆ ಇದೆ. ಕಾಮಗಾರಿ ನಡೆಯುವಾಗ ಜನ ಓಡಾಡುವ ದಾರಿಯನ್ನು ಕೆನಡಾದಲ್ಲಿ ರಸ್ತೆ ಅಂತಲೇ ಲೆಕ್ಕಕ್ಕಿಡುತ್ತಾರೆ. ನಮ್ಮಲ್ಲಿ ಅದು ರಸ್ತೆ ಕಿತ್ತ ಮೇಲೆ ಉಳಿದದ್ದು.

ಗಾರ್ಡಿನರನ್ನೇ ನೋಡಿ. 1955ರಿಂದ 1966ರ ನಡುವೆ ಕಟ್ಟಿದ ರಸ್ತೆ. ಚಳಿಗಾಲದಲ್ಲಿ ಹಿಮ ಕರಗಿಸಲು ಸುರಿದ ಉಪ್ಪು ಅರವತ್ತು ವರ್ಷ ಕಾಂಕ್ರೀಟಿನೊಳಗೆ ಇಳಿದಿದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ್ದು ಮೇಲಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಹಾಗಾಗಿ ಸುಮಾರು 700 ಮೀಟರ್ ಉದ್ದದ ಎತ್ತರಿಸಿದ ರಸ್ತೆಯ ಸ್ಲ್ಯಾಬನ್ನೂ ಅದನ್ನು ಹೊರುವ ತೊಲೆಗಳಾದ ಗರ್ಡರುಗಳನ್ನೂ ತೆಗೆದು ಹೊಸದು ಕೂರಿಸಬೇಕಿತ್ತು. 2024ರ ಮಾರ್ಚಿನಲ್ಲಿ ಆರು ಲೇನುಗಳನ್ನು ನಾಲ್ಕಕ್ಕೆ ಇಳಿಸಿದರು, ದಿಕ್ಕಿಗೆ ಎರಡರಂತೆ. ಸ್ಲ್ಯಾಬನ್ನು ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿ, ಒಂದು ಪಟ್ಟಿ ಕೊಯ್ದು ಎತ್ತುವಾಗ ಮಿಕ್ಕದ್ದರ ಮೇಲೆ ಸಂಚಾರ ಬಿಟ್ಟರು. ಆ ಪಟ್ಟಿ ಮುಗಿದ ಮೇಲೆ ಸಂಚಾರ ಹೊಸದರ ಮೇಲೆ ಬರುತ್ತದೆ, ಹಳೆಯದಕ್ಕೆ ಗರಗಸ ಬೀಳುತ್ತದೆ.

ಆ ನಾಲ್ಕು ತಾತ್ಕಾಲಿಕ ಲೇನುಗಳಿಗೂ ನಕ್ಷೆ ಇರುತ್ತದೆ ಅನ್ನುವುದೇ ವಿಷಯ. ಲೇನಿನ ಅಗಲ ಎಷ್ಟು, ಎಲ್ಲಿ ತಿರುವು, ಮಳೆನೀರು ಯಾವ ಕಡೆ ಹರಿಯಬೇಕು, ಹಳೆಯ ಬಿಳಿ ಗೆರೆಯನ್ನು ಹೇಗೆ ಅಳಿಸಬೇಕು, ಎಲ್ಲವೂ ಹಂತ ಹಂತವಾಗಿ ಬರೆದಿರುತ್ತದೆ. ಗೆರೆ ಅಳಿಸುವುದು ಸಣ್ಣ ವಿಷಯ ಅನಿಸಬಹುದು. ಕಪ್ಪು ಬಣ್ಣ ಬಳಿದು ಮುಚ್ಚಿದರೆ ಮಳೆಯ ರಾತ್ರಿ ಆ ಬಣ್ಣವೇ ಗೆರೆಗಿಂತ ಹೆಚ್ಚು ಹೊಳೆದು ಚಾಲಕ ಅದರ ಹಿಂದೆಯೇ ಹೋಗುತ್ತಾನೆ. ಅದಕ್ಕೇ ಹೆಚ್ಚಿನ ಒತ್ತಡದ ನೀರು ಹೊಡೆದು ಅಥವಾ ಯಂತ್ರದಿಂದ ಕೆರೆದು ತೆಗೆಯುವುದು. ನಮ್ಮ ಹೊರವರ್ತುಲ ರಸ್ತೆಯಲ್ಲಿ ಮೂರು ಕಾಲದ ಮೂರು ಗೆರೆಗಳು ಒಂದರ ಮೇಲೊಂದು ಜಗಳಾಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಒಂದು ರಾತ್ರಿಗೆ ಒಂದು ಲೇನು ಮುಚ್ಚುವುದೇ ಒಂದು ಶಾಸ್ತ್ರ. ಅದಕ್ಕೆಂದೇ ಸಂಚಾರ ಕೈಪಿಡಿಯ ಏಳನೇ ಪುಸ್ತಕವಿದೆ, ಕೆಲಸಗಾರರ ಬಾಯಲ್ಲಿ ಬರೀ ‘ಬುಕ್ ಸೆವೆನ್’. ಮೊದಲ ಕಿತ್ತಳೆ ಬೋರ್ಡು ಕೆಲಸದ ಜಾಗಕ್ಕಿಂತ ಬಹಳ ಮುಂಚೆ. ಆಮೇಲೆ ಯಾವ ಲೇನು ಮುಚ್ಚಿದೆ ಅಂತ ಹೇಳುವ ಬೋರ್ಡು. ಆಮೇಲೆ ಟ್ರೇಲರಿನ ಮೇಲೆ ಮಿನುಗುವ ಬಾಣ. ಅಲ್ಲಿಂದ ಬ್ಯಾರೆಲ್‌ಗಳ ಓರೆ ಸಾಲು. ನೂರು ಕಿಲೋಮೀಟರ್ ವೇಗದ ರಸ್ತೆಯಲ್ಲಿ ಒಂದು ಲೇನನ್ನು ಪಕ್ಕಕ್ಕೆ ಒತ್ತಲು ಈ ಓರೆಗೆ ಇನ್ನೂರು ಮೀಟರಿಗೂ ಮಿಕ್ಕಿ ಉದ್ದ ಬೇಕು. ಅದಾದ ಮೇಲೆ ಏನೂ ಇಲ್ಲದ ಖಾಲಿ ಜಾಗ. ಅದು ತಪ್ಪು ಮಾಡಿದವನಿಗೆ ಬ್ರೇಕು ಹಾಕಲು ಬಿಟ್ಟ ಜಾಗ, ಅಲ್ಲಿ ಟೀ ಕುಡಿಯಲೂ ನಿಲ್ಲುವಂತಿಲ್ಲ. ಆಮೇಲೆ ಹಿಂಬದಿಗೆ ಜೇನುಗೂಡಿನಂಥ ಮೆತ್ತೆ ಕಟ್ಟಿಕೊಂಡ ಲಾರಿ. ಯಾರಾದರೂ ನಿದ್ದೆಗಣ್ಣಲ್ಲಿ ನುಗ್ಗಿದರೆ ಆ ಮೆತ್ತೆ ನಜ್ಜುಗುಜ್ಜಾಗಿ ಕಾರಿನವನನ್ನೂ ಮುಂದಿರುವ ಕೆಲಸಗಾರರನ್ನೂ ಉಳಿಸಬೇಕು. ಇಷ್ಟೆಲ್ಲ ಆದ ಮೇಲೆ ಕೆಲಸ.

ಹಾಕುವಾಗ ವಾಹನಗಳು ಹೋಗುವ ದಿಕ್ಕಿನಲ್ಲೇ ಹಾಕುತ್ತಾ ಹೋಗಬೇಕು: ಬೋರ್ಡು ಮೊದಲು, ಬ್ಯಾರೆಲ್ ಆಮೇಲೆ. ತೆಗೆಯುವಾಗ ಅದರ ತಿರುಗುಮುರುಗು, ಕೊನೆಯ ಬ್ಯಾರೆಲ್ ಮೊದಲು, ಎಚ್ಚರಿಕೆಯ ಬೋರ್ಡು ಎಲ್ಲಕ್ಕಿಂತ ಕೊನೆಗೆ. ಮನೆಗೆ ಹೋಗುವ ಅವಸರದಲ್ಲಿ ಬೋರ್ಡು ಮೊದಲು ಎತ್ತಿದರೆ ಬ್ಯಾರೆಲ್ ಎತ್ತುವವನು ಯಾವ ಎಚ್ಚರಿಕೆಯೂ ಇಲ್ಲದೆ ನಡುರಸ್ತೆಯಲ್ಲಿ ನಿಂತಿರುತ್ತಾನೆ. ಬೆಳಗಿನ ಗಡುವಿನೊಳಗೆ ಲೇನು ತೆರೆಯದಿದ್ದರೆ ಗುತ್ತಿಗೆದಾರನಿಗೆ ದಂಡ ಬೀಳುತ್ತದೆ. ಕೆಲಸಗಾರರಿರುವ ಜಾಗದಲ್ಲಿ ವೇಗ ಮೀರಿದ ಚಾಲಕನಿಗೂ ದುಪ್ಪಟ್ಟು ದಂಡ.

ಬ್ಯಾರೆಲ್ ಅಂದೆ. ಕಿತ್ತಳೆ ಬಣ್ಣದ, ಹೊಳೆಯುವ ಪಟ್ಟಿ ಸುತ್ತಿದ ಪ್ಲಾಸ್ಟಿಕ್ ಡ್ರಮ್ಮು, ಸೊಂಟಮಟ್ಟದ ಎತ್ತರ. ಭಾರವೆಲ್ಲ ಬುಡದ ರಬ್ಬರ್ ಬಳೆಯಲ್ಲಿ. ಕಾರು ಗುದ್ದಿದರೆ ಡ್ರಮ್ಮು ಬಳೆಯಿಂದ ಕಳಚಿ ಹಾರುತ್ತದೆ, ಬಳೆ ನೆಲದಲ್ಲೇ ಉಳಿಯುತ್ತದೆ. ಗುದ್ದಿದವನು ಸಾಯಬಾರದು ಅನ್ನುವುದೇ ಅದರ ವಿನ್ಯಾಸ. ನಮ್ಮಲ್ಲಿ ಆ ಕೆಲಸಕ್ಕೆ ಡಾಂಬರಿನ ಖಾಲಿ ಡ್ರಮ್ಮು. ಗಾಳಿಗೆ ಬೀಳಬಾರದು ಅಂತ ಒಳಗೆ ಕಾಂಕ್ರೀಟು ತುಂಬಿರುತ್ತಾರೆ. ಕತ್ತಲಲ್ಲಿ ಬೈಕಿನವನಿಗೆ ಅದು ಎಚ್ಚರಿಕೆಯಲ್ಲ, ಗೋಡೆ. ಅದೂ ಇಲ್ಲದಿದ್ದರೆ ಸೈಜುಗಲ್ಲು. ಕಲ್ಲೂ ಸಿಗದಿದ್ದರೆ ಮ್ಯಾನ್‌ಹೋಲಿಗೆ ಚುಚ್ಚಿದ ಹೊಂಗೆ ಕೊಂಬೆ. ಹಾಗೆ ನೋಡಿದರೆ ಮೂರರಲ್ಲಿ ಕೊಂಬೆಯೇ ವಾಸಿ, ಗುದ್ದಿದರೆ ಮುರಿಯುತ್ತದೆ.

ಕಾಂಕ್ರೀಟ್ ಬ್ಯಾರಿಯರ್ ಕತೆಯೂ ಇದೇ. ಒಂದೊಂದು ತುಂಡು ಎರಡು ಟನ್ನಿನ ಆಸುಪಾಸು. ಅದರ ಬಲವಿರುವುದು ತೂಕಕ್ಕಿಂತ ಹೆಚ್ಚಾಗಿ ಕೊಂಡಿಯಲ್ಲಿ. ತುಂಡುಗಳನ್ನು ಕಬ್ಬಿಣದ ಪಿನ್ನಿನಿಂದ ಒಂದಕ್ಕೊಂದು ಬಿಗಿದರೆ ಗುದ್ದಿದ ವಾಹನ ಸಾಲಿನುದ್ದಕ್ಕೂ ಸವರಿಕೊಂಡು ನಿಲ್ಲುತ್ತದೆ. ಆಗಲೂ ಸಾಲು ಹಿಂದಕ್ಕೆ ಸರಿಯುವುದರಿಂದ ಅದರ ಹಿಂದೆ ಒಂದಿಷ್ಟು ಜಾಗ ಬಿಟ್ಟೇ ಗುಂಡಿ ತೋಡಬೇಕು. ಕೊಂಡಿ ಹಾಕದೆ, ಗುಂಡಿಯ ಅಂಚಿಗೇ ಸಾಲಾಗಿ ಇಟ್ಟರೆ ಲಾರಿಯ ಜೊತೆ ಬ್ಯಾರಿಯರೂ ಗುಂಡಿಗೆ. ಬೆಂಗಳೂರಿನಲ್ಲಿ ಕೊಂಡಿಯ ತೂತು ಖಾಲಿ ಇರುವ ಬ್ಯಾರಿಯರುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಆ ತೂತು ಯಾಕೆ ಇದೆ ಅಂತ ಯಾರೂ ಕೇಳಿದ ಹಾಗಿಲ್ಲ.

ನಮ್ಮಲ್ಲಿ ಪುಸ್ತಕ ಇಲ್ಲ ಅಂದುಕೊಳ್ಳಬೇಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ‘ಎಸ್‌ಪಿ 55’ ಇದೇ ವಿಷಯಕ್ಕೆ ಮೀಸಲು. ಓರೆಯ ಉದ್ದ, ಖಾಲಿ ಜಾಗ, ಬೋರ್ಡಿನ ಬಣ್ಣ ಎಲ್ಲ ಅದರಲ್ಲೂ ಇದೆ. ಸೋರಿಕೆ ಇರುವುದು ಬಿಲ್ಲಿನಲ್ಲಿ. ಜಲ್ಲಿ, ಡಾಂಬರು, ಕಬ್ಬಿಣಕ್ಕೆ ಘನಮೀಟರು, ಟನ್ನು ಅಂತ ಅಳತೆ ಉಂಟು, ಎಂ.ಬಿ.ಯಲ್ಲಿ, ಅಂದರೆ ಕಾಮಗಾರಿಯ ಅಳತೆ ಪುಸ್ತಕದಲ್ಲಿ, ಬರೆದರೆ ದುಡ್ಡು ಉಂಟು. ಸಂಚಾರ ನಿರ್ವಹಣೆ ಬಹಳ ಸಲ ಬರುವುದು ಟೆಂಡರಿನ ಮೂಲೆಯಲ್ಲಿ, ‘ಇದರ ವೆಚ್ಚ ಗುತ್ತಿಗೆದಾರನ ಉಳಿದ ದರಗಳಲ್ಲೇ ಸೇರಿದೆ’ ಅನ್ನುವ ಒಂದು ಸಾಲಾಗಿ. ಸೇರಿದೆ ಅಂದರೆ ಉಳಿಸಬಹುದು ಅಂತಲೇ ಅರ್ಥ. ಇನ್ನೂರು ಬ್ಯಾರೆಲ್ ಇಟ್ಟರೂ ಅಷ್ಟೇ ದುಡ್ಡು, ಇಪ್ಪತ್ತು ಕಲ್ಲು ಇಟ್ಟರೂ ಅಷ್ಟೇ ದುಡ್ಡು. ಯಾರು ತಾನೇ ಬ್ಯಾರೆಲ್ ಇಟ್ಟಾರು?

ಒಟ್ಟಾವದ 417 ಹೆದ್ದಾರಿಯಲ್ಲಿ 2007ರ ಆಗಸ್ಟಿನ ಒಂದು ವಾರಾಂತ್ಯ ನಡೆದದ್ದು ಜನ ಓಡಾಡುವ ದಾರಿಯನ್ನೂ ಲೆಕ್ಕಕ್ಕಿಡುವುದರ ತುತ್ತತುದಿ. ಐಲೆಂಡ್ ಪಾರ್ಕ್ ಡ್ರೈವ್ ಮೇಲಿನ ಸೇತುವೆ ಬದಲಿಸಬೇಕಿತ್ತು. ಮಾಮೂಲು ರೀತಿಯಲ್ಲಿ ಅರ್ಧರ್ಧ ಒಡೆದು ಕಟ್ಟಿದ್ದರೆ ವರ್ಷಗಟ್ಟಲೆ ಲೇನು ಕಡಿತ. ಅದರ ಬದಲು ಪಕ್ಕದ ಮೈದಾನದಲ್ಲೇ ತಿಂಗಳುಗಟ್ಟಲೆ ಕೂತು ಹೊಸ ಸೇತುವೆಯ ಮೇಲ್ಭಾಗವನ್ನು ಪೂರಾ ಕಟ್ಟಿಟ್ಟುಕೊಂಡರು. ಶನಿವಾರ ರಾತ್ರಿ ಹೆದ್ದಾರಿ ಮುಚ್ಚಿದರು. ನೂರಾರು ಚಕ್ರದ, ಪ್ರತಿ ಚಕ್ರವನ್ನೂ ಬೇರೆಬೇರೆ ಎತ್ತರಕ್ಕೆ ಏರಿಸಬಲ್ಲ ಹೈಡ್ರಾಲಿಕ್ ವಾಹನ ಹಳೆಯದರ ಕೆಳಗೆ ನುಗ್ಗಿ, ಎತ್ತಿಕೊಂಡು ಹೋಗಿ ಮೈದಾನದಲ್ಲಿ ಇಳಿಸಿತು. ಹೊಸದನ್ನು ಹೊತ್ತು ತಂದು ಬೇರಿಂಗಿನ ಮೇಲೆ ಕೂರಿಸಿತು. ಸುಮಾರು 17 ಗಂಟೆಯಲ್ಲಿ ಹೆದ್ದಾರಿ ಮತ್ತೆ ತೆರೆಯಿತು. ಕೆನಡಾದಲ್ಲಿ ಇಂಥದ್ದು ಅದೇ ಮೊದಲು. ಈಜಿಪುರದ ಎರಡೂವರೆ ಕಿಲೋಮೀಟರ್ ಫ್ಲೈಓವರ್ 2017ರಲ್ಲಿ ಶುರುವಾಯಿತು. ಸೋನಿ ವರ್ಲ್ಡ್ ಜಂಕ್ಷನ್ನಿನಲ್ಲಿ ಆ ಕಂಬಗಳ ನಡುವೆ ಎಂಟು ವರ್ಷ ನುಸುಳಿದ ಜನರಿಗೆ ಈ 17 ಗಂಟೆಯನ್ನು ಹೇಳಿದರೆ ಪುರಾಣ ಅಂದುಕೊಳ್ಳುತ್ತಾರೆ.

ನಗರದ ಹೊರಗೂ ಲೆಕ್ಕ ಒಂದೇ. ಬ್ರಿಟಿಷ್ ಕೊಲಂಬಿಯಾದ ಗೋಲ್ಡನ್ ಊರಿನ ಬಳಿ ಕಿಕಿಂಗ್ ಹಾರ್ಸ್ ಕಣಿವೆಯಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಅಗಲಿಸದೆ ಉಳಿದಿದ್ದ ಕೊನೆಯ 4.8 ಕಿಲೋಮೀಟರನ್ನು 2021ರಿಂದ 2023ರವರೆಗೆ ನಾಲ್ಕು ಲೇನಿಗೆ ಅಗಲಿಸಿದರು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಹೊಳೆ. ಕಣ್ಮುಚ್ಚಿ ನೆನೆದರೆ ನಮ್ಮ ಶಿರಾಡಿಯೇ. ದೀರ್ಘಕಾಲ ಮುಚ್ಚುವುದನ್ನು ವಸಂತಕ್ಕೂ ಶರತ್ಕಾಲಕ್ಕೂ ಇಟ್ಟುಕೊಂಡರು. ಪ್ರವಾಸಿಗಳ ಬೇಸಿಗೆಗೆ ಮತ್ತೆ ತೆರೆದರು. ಬಳಸುದಾರಿ ರೇಡಿಯಂ ಅನ್ನುವ ಊರಿನ ಮೂಲಕ, ಒಂದೂವರೆ ಗಂಟೆಯವರೆಗೆ ಹೆಚ್ಚಿಗೆ ಹಿಡಿಯುತ್ತದೆ ಅಂತ ಮೊದಲೇ ಹೇಳಿದ್ದರು. ಶಿರಾಡಿಯನ್ನು 2018ರಲ್ಲಿ ಕಾಂಕ್ರೀಟಿಗೆಂದು ಜನವರಿಯಿಂದ ಮುಚ್ಚಿ ಜುಲೈನಲ್ಲಿ ತೆರೆದರು. ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಬಂದ್. ಬಳಸುದಾರಿಯಾದ ಸಂಪಾಜೆಯೂ ಅದೇ ಮಳೆಯಲ್ಲಿ ಕೊಚ್ಚಿಹೋಯಿತು. ಆಮೇಲೆ ಚತುಷ್ಪಥಕ್ಕೆಂದು ದೋಣಿಗಾಲ್ ಕಡೆ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಬಿಟ್ಟು, ನೀರಿಗೆ ದಾರಿ ಮಾಡಿ, ತಡೆಗೋಡೆ ಎಬ್ಬಿಸಿದ ಮೇಲೆ ಮಳೆಗಾಲ ಬರಬೇಕು. ಮಳೆಗಾಲವೇ ಮೊದಲು ಬಂದರೆ ಜಂಬಿಟ್ಟಿಗೆ ಮಣ್ಣು ನೀರು ಕುಡಿದು ರಸ್ತೆಗೆ ಮಲಗುತ್ತದೆ. ಮಂಗಳೂರಿನ ರಾತ್ರಿ ಬಸ್ಸು ಎಲ್ಲಿ ನಿಂತಿದೆ ಅಂತ ಜುಲೈ ತಿಂಗಳಲ್ಲಿ ಇಲ್ಲಿ ಕೆನಡಾದಲ್ಲಿ ಕೂತವರೂ ಫೋನು ಹಿಡಿದು ನೋಡುವುದು ಸುಮ್ಮನೆ ಅಲ್ಲ.

ಸರಿ, ಈಗ ದುಡ್ಡಿನ ಮಾತು. ಗಾರ್ಡಿನರಿನ ಆ ತುಂಡಿಗೆ ಸುಮಾರು 30 ಕೋಟಿ ಕೆನಡಾ ಡಾಲರ್. ಹಗಲು ರಾತ್ರಿ ಕೆಲಸ ಮಾಡಿ ಬೇಗ ಮುಗಿಸಲೆಂದು ಪ್ರಾಂತ್ಯ ಸರ್ಕಾರ ಅದರ ಮೇಲೆ ಒಪ್ಪಿಕೊಂಡದ್ದು 7.3 ಕೋಟಿ. 2026ರ ಫುಟ್‌ಬಾಲ್ ವಿಶ್ವಕಪ್ಪಿನ ಪಂದ್ಯಗಳು ಆ ರಸ್ತೆಯ ಪಕ್ಕದ ಮೈದಾನದಲ್ಲೇ ಅನ್ನುವುದನ್ನೂ ಮರೆಯುವಂತಿಲ್ಲ. ಈಜಿಪುರಕ್ಕೆ ಮೊದಲು ಅಂದಾಜಿಸಿದ್ದು 203 ಕೋಟಿ ರೂಪಾಯಿ. ಗಾರ್ಡಿನರಿನ ಮೊದಲ ಮೊತ್ತವೊಂದೇ ಅದರ ಎಂಟೊಂಬತ್ತು ಪಟ್ಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅಷ್ಟು ನ್ಯಾಯವಲ್ಲ, ಒಪ್ಪಿದೆ. ಗಾರ್ಡಿನರಿನ ಮೇಲೆ ದ್ವಿಚಕ್ರದ ಪ್ರವಾಹವಿಲ್ಲ, ತಳ್ಳುಗಾಡಿಯಿಲ್ಲ, ದಾಟಲು ನಿಂತ ಅಜ್ಜಿಯಿಲ್ಲ. ಅಜ್ಜಿ ಇರುವ ಕಡೆ, ಅಂದರೆ ಒಳಬೀದಿಗಳಲ್ಲಿ, ಟೊರೊಂಟೊ ಕೂಡ ‘ಫುಟ್‌ಪಾತ್ ಮುಚ್ಚಿದೆ, ಆ ಬದಿಗೆ ಹೋಗಿ’ ಅಂತ ಬೋರ್ಡು ನೆಟ್ಟು ಕೈ ತೊಳೆದುಕೊಳ್ಳುತ್ತದೆ. ಅಗಲಿಸಿದರೆ ದಟ್ಟಣೆ ಕಮ್ಮಿಯಾಗುತ್ತದೆ ಅನ್ನುವವರು ವಿಮಾನ ನಿಲ್ದಾಣದ ಬಳಿ 401 ಹೆದ್ದಾರಿಯ 18 ಲೇನುಗಳನ್ನು ಸಂಜೆ ಐದಕ್ಕೆ ನೋಡಬೇಕು. ಹದಿನೆಂಟೂ ನಿಂತಿರುತ್ತವೆ.

ಪಕ್ಕದ ಕ್ವಿಬೆಕ್ ಪ್ರಾಂತ್ಯದ ಮಾತು ತೆಗೆದರೆ ನಾಲಿಗೆ ಇನ್ನಷ್ಟು ತಗ್ಗಿಸಬೇಕಾಗುತ್ತದೆ. ಲಾವಾಲ್‌ನಲ್ಲಿ 2006ರ ಸೆಪ್ಟೆಂಬರಿನಲ್ಲಿ ಒಂದು ಮೇಲ್ಸೇತುವೆ ಕುಸಿದು ಐವರು ಸತ್ತರು. 1970ರಲ್ಲಿ ಕಟ್ಟುವಾಗ ಕಬ್ಬಿಣವನ್ನು ಇಡಬೇಕಾದ ಜಾಗದಲ್ಲಿ ಇಟ್ಟಿರಲಿಲ್ಲ, ಕಾಂಕ್ರೀಟೂ ಕಳಪೆ. ಕಾಮಗಾರಿ ಗುತ್ತಿಗೆಗಳ ಭ್ರಷ್ಟಾಚಾರ ತನಿಖೆಗೆ ನೇಮಿಸಿದ ಶಾರ್ಬೊನೊ ಆಯೋಗ 2011ರಿಂದ 2015ರವರೆಗೆ ಕೂತು ಕೇಳಿದ ಸಾಕ್ಷ್ಯದಲ್ಲಿ ಮಾಂಟ್ರಿಯಲ್ ಗುತ್ತಿಗೆಗಳ ನೂರಕ್ಕೆ ಮೂರು ಆ ನಗರವನ್ನು ಆಳುವ ಪಕ್ಷಕ್ಕೆ ಹೋಗುತ್ತಿತ್ತು ಅನ್ನುವ ಮಾತು ಬಂತು. ನೂರಕ್ಕೆ ಮೂರೇ ಅಂತ ನಮ್ಮವರು ಅಚ್ಚರಿಪಟ್ಟಾರು.

ಇನ್ನೊಂದನ್ನು ಹೇಳದಿದ್ದರೆ ಅನ್ಯಾಯ. ನಮ್ಮ ಮೆಟ್ರೊದವರು ಕೆಳಗೆ ವಾಹನ ಹರಿಯುತ್ತಿರುವಾಗಲೇ ಮೇಲೆ ಲಾಂಚಿಂಗ್ ಗರ್ಡರ್ ಅನ್ನುವ ಉದ್ದನೆಯ ಎತ್ತುಯಂತ್ರ ಕೂರಿಸಿ, ರಾತ್ರಿರಾತ್ರಿ ಟನ್ನುಗಟ್ಟಲೆ ತೂಕದ ಕಾಂಕ್ರೀಟ್ ತುಂಡುಗಳನ್ನು ಮಣಿ ಪೋಣಿಸಿದಂತೆ ಪೋಣಿಸಿ ಬಿಗಿಯುತ್ತಾರೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಮೇಲೆ ರೈಲು, ನಡುವೆ ರಸ್ತೆ ಅಂತ ಎರಡಂತಸ್ತು ಎಬ್ಬಿಸಿದ್ದೂ ಇದೇ ಕೈಗಳು. ಕೌಶಲ ಬೇರೆಲ್ಲಿಂದಲೋ ತರಬೇಕಾಗಿಲ್ಲ. ಮೇಲೆ ಮಿಲಿಮೀಟರಿನ ಲೆಕ್ಕ, ಕೆಳಗಿನ ಡಾಂಬರಿಗೆ ಮೊಳಕಾಲಿನ ಲೆಕ್ಕ. ನಾಗವಾರದ ಕಡೆ 2023ರ ಜನವರಿಯಲ್ಲಿ ಕಂಬದ ಕಬ್ಬಿಣದ ಪಂಜರ ರಸ್ತೆಗೆ ಉರುಳಿ ಬೈಕಿನಲ್ಲಿದ್ದ ತಾಯಿ ಮಗು ಸತ್ತರಲ್ಲ, ಅಂಥ ಪಂಜರ ನಿಲ್ಲಿಸುವಾಗ ನಾಲ್ಕೂ ಕಡೆಯಿಂದ ಬಿಗಿದ ಹಗ್ಗವಿರಬೇಕು. ಅದು ಎಷ್ಟು ಎತ್ತರವೋ ಅಷ್ಟು ದೂರ ಕೆಳಗೆ ಯಾರೂ ಇರಬಾರದು.

ಒಂಟಾರಿಯೊದ ಕೈಪಿಡಿಯಲ್ಲಿ ಇನ್ನೊಂದು ಸಣ್ಣ ನಿಯಮವಿದೆ. ಆ ಹೊತ್ತಿಗೆ ಕೆಲಸ ನಡೆಯುತ್ತಿಲ್ಲವಾದರೆ ಕಿತ್ತಳೆ ಬೋರ್ಡನ್ನು ಮುಚ್ಚಬೇಕು, ಇಲ್ಲವೇ ತೆಗೆಯಬೇಕು. ಸುಳ್ಳು ಬೋರ್ಡನ್ನು ನಾಲ್ಕು ದಿನ ನೋಡಿದವನು ಐದನೇ ದಿನ ನಿಜವಾದದ್ದನ್ನೂ ನಂಬುವುದಿಲ್ಲ. ಮಾಂಟ್ರಿಯಲ್ಲಿನಲ್ಲಿ ಈ ನಿಯಮ ಅಷ್ಟಾಗಿ ನಡೆದ ಹಾಗೆ ಕಾಣುವುದಿಲ್ಲ. ಕೆಲಸವೇ ಇಲ್ಲದ ಬೀದಿಯಲ್ಲಿ ಕಿತ್ತಳೆ ಕೋನ್‌ಗಳು ನಿಂತು ನಿಂತು ಊರಿನ ಗುರುತೇ ಆಗಿ, ಈಗ ಅಂಗಡಿಯಲ್ಲಿ ನೆನಪಿನ ಕಾಣಿಕೆಯಾಗಿ ಮಾರಾಟಕ್ಕಿವೆ. ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದರೆ ಊರಿಂದ ತಕ್ಷಣ ಉತ್ತರ ಬಂತು: ‘ನಮ್ಮ ತಗಡೂ ಕಳಿಸ್ಕೊಡ್ಲಾ?’