ಯಜಮಾನರ ಸೊಂಟದ ಕಲ್ಲು

ಐದು ದಿನದಿಂದ ನಮ್ಮ ಮನೆಯಲ್ಲಿ ಬಾಳೆದಿಂಡು. ಸೋಮವಾರ ಪಲ್ಯ, ಮಂಗಳವಾರ ಮೊಸರುಬಜ್ಜಿ, ಬುಧವಾರ ಮತ್ತೆ ಪಲ್ಯ, ನಿನ್ನೆ ಬೆಳಗ್ಗೆ ಖಾಲಿ ಹೊಟ್ಟೆಗೆ ರಸ. ಬಾಳೆದಿಂಡು ಹೆಚ್ಚಿದವರಿಗೇ ಅದರ ಕಷ್ಟ ಗೊತ್ತು. ಬಿಲ್ಲೆ ಕತ್ತರಿಸಿದಂತೆಲ್ಲ ಜೇಡರ ಬಲೆಯ ಹಾಗೆ ನಾರು ಎಳೆದುಕೊಂಡು ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಹೆಚ್ಚಿದ್ದನ್ನು ಆಗಿಂದಾಗಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನನ್ನ ಉಗುರಿನ ಸಂದಿಯೆಲ್ಲ ಕಪ್ಪು.

ಇಷ್ಟಕ್ಕೂ ಕಾರಣ, ನಮ್ಮ ಯಜಮಾನರ ಮೂತ್ರಪಿಂಡದಲ್ಲಿರುವ ಆರು ಕಲ್ಲುಗಳು. ಅಲ್ಲಿ ಒಂದು ಕಲ್ಲೂ ಇಲ್ಲವೆಂದು ಅವರಿಗೆ ಗೊತ್ತು, ನನಗೆ ಗೊತ್ತು. ಮಂಡ್ಯದ ಕಡೆಯ ನಮ್ಮ ನೂರಿಪ್ಪತ್ತು ಜನ ನೆಂಟರಿಗೆ ಗೊತ್ತಿಲ್ಲ, ಹೇಳುವ ಹಾಗೂ ಇಲ್ಲ. ಏಕೆಂದರೆ ಯಜಮಾನರ ಸೊಂಟದ ಬಲಗಡೆ ಇರುವುದು ಕಲ್ಲಲ್ಲ, ರಿವಾಲ್ವರ್. ಹೀಗೆ ಬರೆದುಬಿಟ್ಟರೆ ಗುಟ್ಟು ರಟ್ಟಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ನೆಂಟರಲ್ಲಿ ಓದುವ ಚಟ ಇರುವವರು ಒಬ್ಬರೂ ಇಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಗಾಬರಿಯಾಗಬೇಡಿ, ಲೈಸೆನ್ಸ್ ಇದೆ. ನಮ್ಮ ಮನೆ ಮೈಸೂರಿನಲ್ಲಿ, ಯಜಮಾನರ ವ್ಯಾಪಾರ ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ. ಅಚ್ಚು, ಬಕೆಟ್, ಕುರಿಕಾಟು ಎಂದು ಬೆಲ್ಲದಲ್ಲಿ ಎಷ್ಟು ಬಗೆ ಇದೆಯೋ ಅಷ್ಟನ್ನೂ ಮೂಗಿನಿಂದಲೇ ಗುರುತಿಸುವ ಮನುಷ್ಯ. ಅವರ ಬಳಿ ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ಬೋರಿನ ರಿವಾಲ್ವರ್. ಗುಂಡು ಬಿಟ್ಟು ಸುಮಾರು 700 ಗ್ರಾಂ ತೂಕ. ಬಲಿತ ತೆಂಗಿನಕಾಯಿಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡು, ಅದು ಯಾರಿಗೂ ಕಾಣದ ಹಾಗೆ ದಿನವಿಡೀ ಓಡಾಡಿ ನೋಡಿ. ಆಗ ನಮ್ಮ ಮನೆಯ ಬೆಳಗಿನ ಚಿತ್ರ ನಿಮಗೆ ಅರ್ಥವಾಗುತ್ತದೆ.

ಬೆಳಗ್ಗೆ ಎಂಟೂವರೆಯಿಂದ ಎಂಟು ಮುಕ್ಕಾಲರವರೆಗೆ ಬೀರುವಿನ ಕನ್ನಡಿ ನನಗೆ ಸಿಗುವುದಿಲ್ಲ. ಯಜಮಾನರು ಅದರ ಮುಂದೆ ಅಡ್ಡಡ್ಡ ನಿಂತು, ಉಸಿರು ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಕೇಳುತ್ತಾರೆ: "ಕಾಣುತ್ತದೆಯೇ?"

"ಯಾವುದು? ಹೊಟ್ಟೆಯೋ, ರಿವಾಲ್ವರೋ?"

ಅವರು ಉತ್ತರ ಕೊಡುವುದಿಲ್ಲ, ಇನ್ನೊಂದು ಪಕ್ಕಕ್ಕೆ ತಿರುಗುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಇಂಥ ವಸ್ತು ಒರೆಯೊಳಗಿರಬೇಕು, ಪೂರ್ತಿ ಮುಚ್ಚಿರಬೇಕು, ಇಟ್ಟುಕೊಂಡವನ ಹಿಡಿತದಲ್ಲಿರಬೇಕು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ನಿಯಮ ಮಾಡಿದವರು ದೆಹಲಿಯಲ್ಲಿ ಕುಳಿತವರು. ಬೆಲ್ಲದ ಮಂಡಿಯಲ್ಲಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ದಿಂಬಿಗೆ ಒರಗಿ ಕೂರುವವರ ಸೊಂಟ ಅವರ ಕಣ್ಣಿಗೆ ಬಿದ್ದಿರಲಾರದು.

ಮೊದಮೊದಲು ಮುಂದುಗಡೆ, ಹೊಕ್ಕುಳಿನ ಪಕ್ಕ ಇಟ್ಟು ನೋಡಿದರು. ನಿಂತರೆ ಚೆನ್ನ, ಕುಳಿತರೆ ಹಿಡಿಕೆ ಹೊಟ್ಟೆಗೆ, ಕೊಳವೆ ತೊಡೆಸಂದಿಗೆ. ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೋಮೀಟರ್ ಕಾರು ಓಡಿಸಬೇಕು, ಮೇಲೆ ಸೀಟ್ ಬೆಲ್ಟಿನ ಒತ್ತು ಬೇರೆ. ತೊಡೆಸಂದಿಯಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಗುಂಡು ತಗಲಿದರೆ ಕೆಲವೇ ನಿಮಿಷದಲ್ಲಿ ಕಥೆ ಮುಗಿಯುತ್ತದೆ ಎಂದು ಅವರೇ ಊಟ ಮಾಡುತ್ತಾ ವಿವರಿಸಿದರು. ಅಂದು ನಾನು ಮೊಸರನ್ನ ಅರ್ಧಕ್ಕೇ ಬಿಟ್ಟೆ. ಆಮೇಲೆ ಬೆನ್ನ ಹಿಂದೆ, ನಟ್ಟನಡುವೆ. ಅದು ಯಾರಿಗೂ ಕಾಣುತ್ತಿರಲಿಲ್ಲ, ಆದರೆ ದಿಂಬಿಗೆ ಒರಗುವ ಹಾಗಿಲ್ಲ, ಎಲ್ಲಾದರೂ ಜಾರಿ ಅಂಗಾತ ಬಿದ್ದರೆ ಬೆನ್ನುಮೂಳೆಗೇ ಪೆಟ್ಟು. ಕಂಕುಳಲ್ಲಿ ನೇತುಹಾಕಿಕೊಳ್ಳಲು ಮೇಲೊಂದು ಕೋಟು ಬೇಕು. ಮಂಡ್ಯದ ಏಪ್ರಿಲಿನಲ್ಲಿ ಮದುಮಗನೇ ಕೋಟು ಕಿತ್ತೆಸೆಯುತ್ತಾನೆ. ಕಾಲಿನ ಮಣಿಕಟ್ಟಿನ ಪ್ರಯೋಗ ಒಂದೇ ದಿನಕ್ಕೆ ಮುಗಿಯಿತು. ಮಂಡಿಯ ಹುಡುಗರೆಲ್ಲ "ಕಾಲು ಉಳುಕಿದೆಯೇ ಅಣ್ಣಾ?" ಎಂದು ಕೇಳಿದರಂತೆ.

ಕೊನೆಗೆ ಬಲಗಡೆಯ ಸೊಂಟ, ಸ್ವಲ್ಪ ಹಿಂದಕ್ಕೆ. ಈ ವಿದ್ಯೆಯಲ್ಲಿ ಪಳಗಿದವರು ಮೈಯನ್ನು ಗಡಿಯಾರ ಮಾಡಿಕೊಂಡು ಮಾತಾಡುತ್ತಾರೆ. ಹೊಕ್ಕುಳು ಹನ್ನೆರಡು ಗಂಟೆ, ಬಲಸೊಂಟ ಮೂರು ಗಂಟೆ. "ನನ್ನದು ನಾಲ್ಕು ಗಂಟೆಗೆ ಸರಿಹೋಗುತ್ತದೆ" ಎಂದರು. ನಾಲ್ಕು ಗಂಟೆಗೆ ಕಾಫಿ ಕೇಳುತ್ತಿದ್ದಾರೆಂದು ತಿಳಿದು ನಾನು ಹಾಲು ಒಲೆಯ ಮೇಲಿಟ್ಟಿದ್ದೆ.

ಒರೆಯ ವಿಷಯದಲ್ಲಿ ಮಾತ್ರ ಅವರನ್ನು ಆಡಿಕೊಳ್ಳಲಾರೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಒರೆ ತಂದರು. ಕೀಲಿಗೊಂಚಲು, ಚಿಲ್ಲರೆ ಇರುವ ಜೇಬಿಗೆ ಎಂದೂ ಅದನ್ನು ಇಳಿಬಿಟ್ಟವರಲ್ಲ. ಮನೆಗೆ ಬಂದೊಡನೆ ಒರೆಸಮೇತ ಬಿಚ್ಚಿ, ಗುಂಡು ತೆಗೆದು ಎಣಿಸಿ, ಎರಡನ್ನೂ ಬೇರೆ ಬೇರೆ ಬೀಗದಲ್ಲಿ ಇಡುತ್ತಾರೆ. ಹೊರಗೆ ಇಟ್ಟದ್ದೆಂದರೆ ದಸರೆಯ ಆಯುಧಪೂಜೆಯ ದಿನ, ಮಿಕ್ಸಿಗೂ ಕಾರಿನ ಕೀಲಿಗೂ ನಡುವೆ, ಖಾಲಿ ಮಾಡಿ. ಕುಂಕುಮ ಹಚ್ಚಲು ನನಗೆ ಬಿಡುವುದಿಲ್ಲ, ಕೊಳವೆಯೊಳಗೆ ಹೋಗುತ್ತದಂತೆ.

ಒರೆಯನ್ನು ಪ್ಯಾಂಟಿನ ಒಳಗೆ ಸಿಕ್ಕಿಸಬೇಕಲ್ಲ, ಅದಕ್ಕಾಗಿ ಎಲ್ಲ ಪ್ಯಾಂಟುಗಳ ಸೊಂಟವನ್ನೂ ಎರಡೆರಡು ಇಂಚು ಬಿಡಿಸಿದ್ದಾಯಿತು. ಚುನಾವಣೆ ಘೋಷಣೆಯಾದರೆ ರಿವಾಲ್ವರ್ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ, ಫಲಿತಾಂಶ ಬಂದ ಮೇಲೆಯೇ ವಾಪಸ್ಸು. 2023ರ ವಿಧಾನಸಭೆ ಚುನಾವಣೆಗೂ ಹೋಗಿತ್ತು, ಮರುವರ್ಷದ ಲೋಕಸಭೆ ಚುನಾವಣೆಗೂ ಹೋಗಿತ್ತು. ಆ ದಿನಗಳಲ್ಲಿ ನನಗೆ ಸುಖನಿದ್ರೆ. ಅವರು ಮಾತ್ರ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಹೋಗಿ ಮತ ಹಾಕಿ ಬಂದರು.

ಎಲ್ಲಿಟ್ಟರೂ ಒಂದು ಅಭ್ಯಾಸ ಅವರನ್ನು ಬಿಡಲಿಲ್ಲ. ಎರಡು ನಿಮಿಷಕ್ಕೊಮ್ಮೆ ಬಲ ಮೊಣಕೈಯಿಂದ ಸೊಂಟವನ್ನು ಒತ್ತಿ ನೋಡುವುದು. ಇದೆಯೋ, ಜಾರಿತೋ, ಅಂಗಿ ಮೇಲೆ ಸರಿಯಿತೋ! ಒತ್ತುವಾಗ ಮುಖ ಸ್ವಲ್ಪ ಕಿವುಚುತ್ತದೆ. ನಮ್ಮ ಅಜ್ಜಿ ಕೆ.ಆರ್. ಪೇಟೆಯ ಸಂತೆಯಲ್ಲಿ ಎಮ್ಮೆ ಮಾರಿದ ದುಡ್ಡನ್ನು ಎಲೆಅಡಿಕೆ ಚೀಲದೊಳಗಿಟ್ಟು, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರು ಊರು ದಾಟಿ ನಡೆದು ಬರುತ್ತಿದ್ದಳು. ದಾರಿಯುದ್ದಕ್ಕೂ ಒಮ್ಮೆಯೂ ಅದನ್ನು ಮುಟ್ಟಿ ನೋಡಿದವಳಲ್ಲ. ನಡುವೆ ಯಾರಾದರೂ ಎಲೆ ಕೇಳಿದರೆ ಅದೇ ಚೀಲ ಬಿಚ್ಚಿ ಕೊಡುತ್ತಿದ್ದಳು! ಹೆಂಗಸರ ಸೊಂಟ, ಸೆರಗು, ರವಿಕೆಗಳಲ್ಲಿ ಏನೇನು ಅಡಗಿ ಎಷ್ಟೆಷ್ಟು ಊರು ದಾಟಿದೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೂ ಈ ಮನೆಯಲ್ಲಿ ಯಾರೂ ನನ್ನ ಸಲಹೆ ಕೇಳಲಿಲ್ಲ.

ಹೋದ ಭಾನುವಾರ ಮಂಡ್ಯದಲ್ಲಿ ನನ್ನ ನಾದಿನಿಯ ಮಗಳ ಮದುವೆ. ಇವರು ಹುಡುಗಿಗೆ ಸೋದರಮಾವ, ಮಂಟಪಕ್ಕೆ ಕರೆತರಬೇಕಾದವರು. ಬೆಳಗ್ಗೆ ನೇರವಾಗಿ ಮಂಡಿಗೆ ಹೋಗಿ, ಅಲ್ಲಿಂದಲೇ ಛತ್ರಕ್ಕೆ ಬಂದರು. ಪಂಚೆ ಉಟ್ಟುಕೊಳ್ಳಿ ಎಂದು ಕೋಣೆಗೆ ಕರೆದೊಯ್ದರೆ, ಸೊಂಟದಲ್ಲಿ ಅದು.

"ರೀ, ಜಾತ್ರೆ, ಮೆರವಣಿಗೆ, ಜನ ಸೇರುವ ಕಡೆಗೆಲ್ಲ ಕೊಂಡೊಯ್ಯಬಾರದು ಎಂದು ನಿಮ್ಮ ಲೈಸೆನ್ಸಿನಲ್ಲೇ ಇದೆಯಲ್ಲ."

"ಇದು ಮದುವೆ ಕಣೇ, ಜಾತ್ರೆಯಲ್ಲ."

ಮಂಡ್ಯದ ಮದುವೆ ಜಾತ್ರೆಯಲ್ಲದೆ ಇನ್ನೇನು? ಹೊರಗೆ ಊಟದ ಸಾಲಿಗೆ ನಾನೂರು ಜನ ಆಗಲೇ ಕಾದಿದ್ದರು. ಕಾರಿನಲ್ಲಿ ಬಿಟ್ಟು ಬನ್ನಿ ಎಂದರೆ ಗಾಜು ಒಡೆದು ಒಯ್ದರೆ ಯಾರು ಹೊಣೆ ಎನ್ನುತ್ತಾರೆ. ನಿನ್ನ ಬ್ಯಾಗಿನಲ್ಲಿ ಇಟ್ಟುಕೋ ಎಂದು ಅವರೂ ಹೇಳುವಂತಿಲ್ಲ, ಲೈಸೆನ್ಸ್ ಇರುವುದು ಅವರ ಹೆಸರಿಗೆ. ಕೊನೆಗೆ ಒಳಗೆ ಚಡ್ಡಿ, ಚಡ್ಡಿಯ ಮೇಲೆ ಬೆಲ್ಟು, ಬೆಲ್ಟಿಗೆ ಒರೆ, ಅದರ ಮೇಲೆ ರೇಷ್ಮೆ ಪಂಚೆ, ಎಲ್ಲದರ ಮೇಲೆ ಮೊಣಕಾಲು ಮುಟ್ಟುವ ಜುಬ್ಬ. ಉತ್ಸವಮೂರ್ತಿಗೂ ಇಷ್ಟು ಅಲಂಕಾರ ಮಾಡುವುದಿಲ್ಲ.

ಮಂಟಪದಲ್ಲಿ ಅವರನ್ನು ಮಣೆಯ ಮೇಲೆ ಕೂರಿಸಿದರು. ನಾಲ್ಕು ಗಂಟೆಯ ಜಾಗದಲ್ಲಿದ್ದದ್ದು ಪಕ್ಕೆಲುಬಿಗೆ ಏರಿತು. ಎಡಕ್ಕೆ ವಾಲಿದರು, ಅರ್ಧ ಎದ್ದರು, ಮೊಣಕೈ ಒತ್ತಿದರು, ಮುಖ ಕಿವುಚಿದರು, ಮತ್ತೆ ಕುಳಿತರು. ಧಾರೆ ಮುಗಿಯುವಷ್ಟರಲ್ಲಿ ಇಪ್ಪತ್ತು ಸಲವಾದರೂ ಹೀಗೆ ಮಾಡಿದ್ದಾರೆ. ಮುಂದಿನ ಸಾಲಿನಲ್ಲಿದ್ದ ಅವರ ಚಿಕ್ಕಪ್ಪ, ಮೂವತ್ತು ವರ್ಷ ಕಾಂಪೌಂಡರ್ ಆಗಿ ನಿವೃತ್ತರಾದವರು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದರು. ಧಾರೆ ಮುಗಿದದ್ದೇ ಇವರನ್ನು ಕಂಬದ ಮರೆಗೆ ಕರೆದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

"ಏನಪ್ಪಾ, ಬಲಗಡೆಯೇ?"

ಇವರ ಮುಖ ಬಿಳಿಚಿಕೊಂಡಿತು. ಮುದುಕನ ಕಣ್ಣಿಗೆ ಬಿದ್ದೇಬಿಟ್ಟಿತು ಎಂದುಕೊಂಡರು. "ಹೌದು ಚಿಕ್ಕಪ್ಪ. ಸ್ವಲ್ಪ ಮೆಲ್ಲಗೆ ಮಾತಾಡಿ."

"ಎಷ್ಟು ದಿನದಿಂದ ಇದೆ?"

"ಹದಿನೆಂಟು ವರ್ಷವಾಯಿತು."

"ಶಿವನೇ! ಒಳಗೆ ಎಷ್ಟಿವೆ?"

"ಆರು."

"ನೋವಾಗುವುದಿಲ್ಲವೇನೋ?"

"ಕೆಳಗೆ ಕುಳಿತರೆ ಒತ್ತುತ್ತದೆ. ಅಭ್ಯಾಸವಾಗಿಹೋಗಿದೆ."

"ಯಾರಿಗಾದರೂ ತೋರಿಸಿದೆಯಾ?"

"ತೋರಿಸುವಂತಿಲ್ಲ ಚಿಕ್ಕಪ್ಪ. ತೋರಿಸಿದರೇ ತೊಂದರೆ."

"ಹಾಗೆಂದರೆ ಹೇಗೆ? ತೆಗೆಸಿಬಿಡಬಾರದೇ?"

"ಚುನಾವಣೆ ಬಂದಾಗ ಅವರೇ ಕರೆದು ತೆಗೆಸಿಕೊಳ್ಳುತ್ತಾರೆ. ಫಲಿತಾಂಶ ಬಂದ ಮೇಲೆ ವಾಪಸ್ಸು ಕೊಡುತ್ತಾರೆ."

ಚಿಕ್ಕಪ್ಪ ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಕೈ ಚಾಚಿ ಇವರ ಹಣೆ ಮುಟ್ಟಿ ನೋಡಿದರು.

ನನಗೆ ಎರಡು ಕಡೆಯ ಮಾತೂ ಅರ್ಥವಾಗಿತ್ತು. ತಿದ್ದಬಹುದಿತ್ತು. ತಿದ್ದಿದರೆ ಛತ್ರಕ್ಕೆಲ್ಲ ರಿವಾಲ್ವರಿನ ಸುದ್ದಿ, ಬಿಟ್ಟರೆ ಕಲ್ಲಿನ ಸುದ್ದಿ. ನಾಲಿಗೆ ಕಚ್ಚಿಕೊಂಡು ಮುಂದಿನ ಮುತ್ತೈದೆಗೆ ಕುಂಕುಮ ಕೊಟ್ಟೆ. ನಾವು ಊಟಕ್ಕೆ ಕೂರುವಷ್ಟರಲ್ಲಿ ಆರು ಕಲ್ಲುಗಳ ಸಂಗತಿ ಎಲ್ಲ ಎಲೆಗಳಿಗೂ ಬಡಿಸಿಯಾಗಿತ್ತು. ಒಬ್ಬರು ಹುರುಳಿಕಟ್ಟು ಎಂದರು, ಒಬ್ಬರು ಬಾರ್ಲಿ ನೀರು ಎಂದರು. ಬೀಗಿತ್ತಿಯಂತೂ ಇವರ ಎಲೆಯಿಂದ ಟೊಮೆಟೊ ಗೊಜ್ಜನ್ನೇ ಎತ್ತಿಸಿದರು, ಬೀಜ ಕಲ್ಲಿಗೆ ಆಗುವುದಿಲ್ಲವಂತೆ. ಇವರು ಎಲ್ಲದಕ್ಕೂ ತಲೆಯಾಡಿಸಿದರು. ಸೋಮವಾರ ಬೆಳಗ್ಗೆ ಬಾಗಿಲು ತೆರೆದರೆ ಚಿಕ್ಕಪ್ಪ ಕಳುಹಿಸಿದ ನಾಲ್ಕು ಬಾಳೆದಿಂಡು ಗೋಡೆಗೆ ಒರಗಿ ನಿಂತಿದ್ದವು.

ಅಂದು ರಾತ್ರಿ ಜಗಳವಾಡಬೇಕೆಂದೇ ಕೋಣೆಗೆ ಹೋದೆ. ಇವರು ಒರೆ ಬಿಚ್ಚಿಟ್ಟು ಬನಿಯನ್ನಿನಲ್ಲಿ ಕುಳಿತಿದ್ದರು. ಸೊಂಟದ ಬಲಗಡೆ ಅಂಗೈಯಗಲ ಚರ್ಮ ಕಪ್ಪಾಗಿ, ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿದೆ. ಹೊಸದಾಗಿ ಒಂದು ಕಡೆ ಸುಲಿದಿತ್ತು. ಕೊಬ್ಬರಿ ಎಣ್ಣೆ ತಂದು ಸವರಿದೆ. ಆಗ ಹಳೆಯದೆಲ್ಲ ನೆನಪಾಯಿತು. 2005ರ ಒಂದು ರಾತ್ರಿ ಮಂಡಿಯ ದುಡ್ಡನ್ನು ಬಟ್ಟೆಯ ಚೀಲದಲ್ಲಿಟ್ಟು ಸ್ಕೂಟರಿನಲ್ಲಿ ಬರುತ್ತಿದ್ದವರನ್ನು ಶ್ರೀರಂಗಪಟ್ಟಣ ದಾಟಿದ ಮೇಲೆ ಮೂವರು ಕೆಡವಿದ್ದರು. ಹನ್ನೊಂದೂವರೆಗೆ ಬಂದು ಗೇಟು ತೆರೆದಾಗ ಅಂಗಿಗೆ ಒಂದೇ ತೋಳಿತ್ತು. ನೀರು ಕೇಳಲಿಲ್ಲ. "ರೈತರ ದುಡ್ಡು ಕಣೇ" ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಮೇಲೆ ಎಷ್ಟೋ ತಿಂಗಳು, ಅವರ ಸ್ಕೂಟರಿನ ಸದ್ದು ಕೇಳುವ ತನಕ ನಾನು ಗೇಟಿನ ಕಂಬಿ ಹಿಡಿದು ನಿಂತಿರುತ್ತಿದ್ದೆ. ಲೈಸೆನ್ಸಿಗೆ ಅರ್ಜಿ ಹಾಕಿ ಎಂದವಳೂ ನಾನೇ.

ಈಗ ಚೀಲವೂ ಇಲ್ಲ, ದುಡ್ಡೂ ಇಲ್ಲ. ಎಲ್ಲ ವ್ಯವಹಾರ ಮೊಬೈಲಿನಲ್ಲಿ, ಬ್ಯಾಂಕಿನಲ್ಲಿ. ಅವರ ಜೇಬಿನಲ್ಲಿ ಕಾಫಿಗೆ ಚಿಲ್ಲರೆ ಬಿಟ್ಟರೆ ಕಾಯುವಂಥದ್ದು ಏನೂ ಇರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಇದ್ದ ಲೈಸೆನ್ಸ್ ನವೀಕರಣ 2019ರ ತಿದ್ದುಪಡಿಯಿಂದ ಐದು ವರ್ಷಕ್ಕೊಮ್ಮೆ ಆಗಿದೆ, ಇವರದಕ್ಕೆ ಈ ವರ್ಷ ಮತ್ತೆ ಸರದಿ. "ಈ ಸಲ ಕೊಟ್ಟುಬಿಡೋಣವೇ?" ಎಂದೆ. "ಅದಿಲ್ಲದಿದ್ದರೆ ಬಲಗಡೆ ಹಗುರವಾಗಿ ನಡಿಗೆಯೇ ವಾಲುತ್ತದೆ" ಎಂದರು. ಜಗಳ ಅಲ್ಲಿಗೆ ನಿಂತಿತು. ಬಾಳೆದಿಂಡು ಮಾತ್ರ ನಿಲ್ಲಲಿಲ್ಲ.

ಇವತ್ತು ಮಧ್ಯಾಹ್ನ ಕೊನೆಯ ದಿಂಡು ಹೆಚ್ಚಿ ಮುಗಿಸಿ, ಬೆರಳಿನ ನಾರು ಬಿಡಿಸಿಕೊಳ್ಳುತ್ತಿದ್ದೆ. ಚಿಕ್ಕಪ್ಪನ ಫೋನು ಬಂತು. ಇವರು ಸ್ಪೀಕರ್ ಹಾಕಿದರು.

"ಏನಪ್ಪಾ, ಬಿತ್ತೇ?"

ಇವರ ಮೊಣಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಒತ್ತಿ ನೋಡಿದರು.

"ಇಲ್ಲ ಚಿಕ್ಕಪ್ಪ, ಅಲ್ಲೇ ಇದೆ."

"ಆರೂ?"

"ಆರೂ."

ನಾಳೆ ಬೆಳಗಿನ ಬಸ್ಸಿಗೆ ಇನ್ನೂ ಆರು ದಿಂಡು ಹಾಕುತ್ತಾರಂತೆ.